ವ್ಯಕ್ತಿ ಕಾರ್ಡಿನ ಹೊಸ ಆವೃತ್ತಿ

ಇಂದಿನ ಸಭೆಯ ಅಧ್ಯಕ್ಷರೂ, ‘ಹೊಸ್ತಿಲು ಡಿಸೈನ್ಸ್’ ಎಂಬ ನಮ್ಮ ಪುಟ್ಟ ಕಚೇರಿಯ ಯಜಮಾನರೂ ಆದ ಶ್ರೀ ಚಂದ್ರಮೋಹನ್ ಅವರೇ, ಬೆಳಗಿನ ಹಾಲಿನ ಕೆಲಸ ಮುಗಿಸಿ, ಮಾಲೂರಿನಿಂದ ಬಸ್ ಹಿಡಿದು, ಕೋಲಾರದಲ್ಲೇ ಇರುವ ನಮಗಿಂತ ಮೊದಲು ಬಂದು ಕೂತಿದ್ದ ಮುಖ್ಯ ಅತಿಥಿ, ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆ ಶ್ರೀಮತಿ ಆದಿಲಕ್ಷ್ಮಿಯವರೇ, ಹಿಂದಿನ ಸಾಲೇ ಬೇಕೆಂದು ಹಟ ಹಿಡಿದು ಕೂತಿರುವ ನನ್ನ ಸಹೋದ್ಯೋಗಿಗಳೇ, ಅವರ ಜೊತೆಗೆ ಬಂದಿರುವ ಮನೆಯವರೇ, ಒಂದು ಭಾನುವಾರವನ್ನು ನಮಗೆ ಬಿಟ್ಟುಕೊಟ್ಟ ಸಹೃದಯ ಸಭಿಕರೇ,

ನಮ್ಮ ಕಚೇರಿಯ ವಾರ್ಷಿಕೋತ್ಸವದಲ್ಲಿ ಮಾತನಾಡಲು ಇಷ್ಟು ವರ್ಷ ಯಾರೂ ನನ್ನನ್ನು ಕರೆದಿರಲಿಲ್ಲ. ಕಾರಣ ಅವರಿಗೂ ಗೊತ್ತು, ನನಗೂ ಗೊತ್ತು. ಒಂದು ಬಟನ್ನಿನ ಮೂಲೆ ಎಷ್ಟು ದುಂಡಗಿರಬೇಕು ಎಂಬ ವಿಷಯ ಕೊಟ್ಟರೆ ನಾನು ಊಟದ ಹೊತ್ತು ಮೀರುವ ತನಕ ಮಾತನಾಡುವ ಆಸಾಮಿ. ಈ ಸಲ ಕರೆಯದೆ ವಿಧಿ ಇರಲಿಲ್ಲ. ಕಿಟ್‌ನ ಹೊಸ ಆವೃತ್ತಿ ಇವತ್ತು ಬಿಡುಗಡೆಯಾಗಬೇಕು, ಆ ಕಿಟ್ ನೋಡಿಕೊಳ್ಳುವವನು ನಾನು. ಆಹ್ವಾನ ಪತ್ರಿಕೆಯಲ್ಲಿ ‘ವಿವರಣೆ: ಶ್ರೀಧರ್, ಸುಗಟೂರು’ ಎಂದು ಊರಿನ ಹೆಸರನ್ನೂ ಹಾಕಿಸಿದ್ದಾರೆ. ಮಾತು ಕೆಟ್ಟರೆ ಯಾವ ಊರಿನವನು ಎಂದು ಎಲ್ಲರಿಗೂ ಗೊತ್ತಾಗಲಿ ಎಂದು ಇರಬೇಕು.

ಕಿಟ್ ಎಂದರೇನು? ಕಚೇರಿಯವರು ಬೇಕಾದರೆ ಕಿವಿ ಮುಚ್ಚಿಕೊಳ್ಳಿ, ಇದು ಮನೆಯವರಿಗಾಗಿ. ನಾವು ಮೊಬೈಲಿನ ಆ್ಯಪ್‌ಗಳ ಪುಟಗಳನ್ನು ವಿನ್ಯಾಸ ಮಾಡುವವರು. ಡೈರಿಯವರಿಗೆ, ರೇಷ್ಮೆಗೂಡು ಮಾರುವವರಿಗೆ, ಒಮ್ಮೊಮ್ಮೆ ಆಸ್ಪತ್ರೆಯವರಿಗೆ. ನಿಜವಾದ ಆ್ಯಪ್ ಕಟ್ಟುವ ಮೊದಲು ಅದರ ಮಾದರಿಯೊಂದನ್ನು ಮಾಡಿ ತೋರಿಸುತ್ತೇವೆ. ಒತ್ತಿದರೆ ಪುಟ ತಿರುಗುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಆ ಮಾದರಿಗೆ ಬೇಕಾದ ಬಟನ್, ಹೆಸರು ತುಂಬುವ ಚೌಕ, ದಿನಾಂಕ, ಎಚ್ಚರಿಕೆಯ ಪಟ್ಟಿ, ಇವನ್ನೆಲ್ಲ ಪ್ರತಿ ಸಲವೂ ಹೊಸದಾಗಿ ಮಾಡುತ್ತ ಕೂತರೆ ಆಗುತ್ತದೆಯೇ? ಆಗುವುದಿಲ್ಲ. ಆದ್ದರಿಂದ ಒಮ್ಮೆ ಚೆನ್ನಾಗಿ ಮಾಡಿ ಒಂದು ಕಡೆ ಇಟ್ಟುಕೊಂಡಿರುತ್ತೇವೆ, ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಇಟ್ಟುಕೊಂಡ ಹಾಗೆ. ಅದೇ ಕಿಟ್. ಒಗ್ಗರಣೆ ಡಬ್ಬಿಗಿಲ್ಲದ ಒಂದು ಗುಣ ಅದಕ್ಕಿದೆ. ಕಿಟ್‌ನಲ್ಲಿರುವ ಮೂಲ ಬಟನ್ನಿನ ಬಣ್ಣವನ್ನು ನಾನು ಬದಲಾಯಿಸಿ ಬಿಡುಗಡೆ ಮಾಡಿದರೆ, ಯಾರು ಯಾರು ಯಾವ ಯಾವ ಪುಟದಲ್ಲಿ ಆ ಬಟನ್ ಹಾಕಿದ್ದಾರೋ ಅಲ್ಲೆಲ್ಲ ಬಣ್ಣ ಬದಲಾಗುತ್ತದೆ. ಇಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ.

ಹಾಗಾದರೆ ಈ ಸಲ ಏನೇನು ತಿದ್ದಿದ್ದೇವೆ? ಬಟನ್‌ಗಳು ದೊಡ್ಡವಾಗಿವೆ. ಹಾಲು ಕರೆದ ಕೈ ಒದ್ದೆ ಇರುತ್ತದೆ, ನಿಮ್ಮ ಕಡಲೆಕಾಳಿನಷ್ಟು ಬಟನ್ ಯಾರಿಗೆ ಬೇಕು ಎಂದು ಆದಿಲಕ್ಷ್ಮಿಯವರ ಸಂಘದ ಹೆಂಗಸರು ನಮ್ಮನ್ನು ಚೆನ್ನಾಗಿ ಬೈದಿದ್ದರು. ಸಾಲುಗಳ ನಡುವೆ ಜಾಗ ಹೆಚ್ಚಾಗಿದೆ. ಹಳೆಯ ಕಿಟ್ ಇಂಗ್ಲಿಷ್ ಅಕ್ಷರದ ಅಳತೆಯದು, ಕನ್ನಡ ಬರೆದರೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತಿತ್ತು. ಈಗ ಎಲ್ಲ ಒತ್ತುಗಳೂ ಕಾಲು ಚಾಚಿಕೊಂಡು ಕೂರಬಹುದು. ‘ಸರಿ’ ಮತ್ತು ‘ರದ್ದು’ ಬಟನ್‌ಗಳನ್ನು ದೂರ ದೂರ ಇಟ್ಟಿದ್ದೇವೆ. ಅವು ಪಕ್ಕಪಕ್ಕದಲ್ಲೇ ಇರಲಿ ಎಂದು ನಾನು, ಬೇಡವೇ ಬೇಡ ಎಂದು ಮೃದುಲಾ, ಇದರ ಮೇಲೆ ನಮ್ಮಿಬ್ಬರಿಗೂ ಒಂದು ವಾರ ಮಾತೇ ಇರಲಿಲ್ಲ. ಮೃದುಲಾ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಮುಳಬಾಗಿಲಿನ ಲೆಕ್ಕಪತ್ರದವರ ಮನೆತನ, ವಾದದಲ್ಲಿ ಸೋಲುವ ಅಭ್ಯಾಸ ಅವಳಿಗಿಲ್ಲ. ಸೋತವನು ನಾನೇ.

ಕೊನೆಯದು ವ್ಯಕ್ತಿ ಕಾರ್ಡ್. ವ್ಯಕ್ತಿ ಕಾರ್ಡಿನ ಮಾದರಿ ಚಿತ್ರವನ್ನು ಬದಲಾಯಿಸಲಾಗಿದೆ. ಬಿಡುಗಡೆಯ ಟಿಪ್ಪಣಿಯಲ್ಲಿ ಇಷ್ಟೇ ಬರೆದಿದ್ದೇನೆ.

ಇಲ್ಲಿಗೆ ಮಾತು ನಿಲ್ಲಿಸಿ, ಆದಿಲಕ್ಷ್ಮಿಯವರನ್ನು ಕಂಪ್ಯೂಟರಿನ ಹತ್ತಿರ ಕರೆದು ಬಿಡುಗಡೆಯ ಬಟನ್ ಒತ್ತಿಸಿ, ನನ್ನ ಕುರ್ಚಿಗೆ ಹೋಗಿ ಕೂರಬೇಕು ಎಂದು ಬೆಳಗ್ಗೆ ಮನೆಯಿಂದ ಹೊರಡುವಾಗ ಅಂದುಕೊಂಡಿದ್ದೆ. ಆದರೆ ಹಿಂದಿನ ಸಾಲಿನವರು ಒಬ್ಬರೂ ಈಗ ನನ್ನ ಕಡೆ ನೋಡುತ್ತಿಲ್ಲ. ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದಾರೆ. ಚಪ್ಪಲಿಯಲ್ಲಿ ಅಂಥದ್ದೇನಿದೆ ಎಂದು ಮನೆಯವರು ಅವರನ್ನು ತಿರುಗಿ ತಿರುಗಿ ನೋಡುತ್ತಿದ್ದೀರಿ. ನಿಮಗೂ ಹೇಳಿಬಿಡುತ್ತೇನೆ. ಒಂದು ಚಿತ್ರದ ವಿಷಯ ತಾನೇ, ಎಷ್ಟು ಹೊತ್ತು ಹಿಡಿದೀತು?

ಡೈರಿಯ ಆ್ಯಪ್‌ನಲ್ಲಿ ಪ್ರತಿಯೊಬ್ಬ ಸದಸ್ಯರಿಗೂ ಒಂದು ಕಾರ್ಡ್ ಇರುತ್ತದೆ. ಎಡಗಡೆ ಒಂದು ದುಂಡನೆಯ ಫೋಟೋ, ಪಕ್ಕದಲ್ಲಿ ಹೆಸರು, ಊರು, ಹಸುಗಳು ಎಷ್ಟು ಎಂಬ ವಿವರ. ಅದೇ ವ್ಯಕ್ತಿ ಕಾರ್ಡ್. ಮಾದರಿ ಮಾಡುವಾಗ ಆ ದುಂಡನೆಯ ಜಾಗಕ್ಕೆ ಯಾರದಾದರೂ ಮುಖ ಬೇಕಲ್ಲವೇ? ಮೊದಮೊದಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರೋ ಬಿಳಿಯ ಹೆಂಗಸಿನ ಮುಖ ಹಾಕಿದ್ದೆ, ಚಿನ್ನದ ಬಣ್ಣದ ಕೂದಲು. ಹುತ್ತೂರಿನ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ತೋರಿಸಿದೆವು. ಸುಬ್ಬರಾಯಪ್ಪ ಎಂಬ ಹಿರಿಯರು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, “ಯಾರ್ ನಾಯ್ನಾ ಈ ದೊರೆಸಾನಿ? ಸೆಗಣಿ ಬಾಚ್ತಾಳಾ ಈಯಮ್ಮ?” ಎಂದರು. ಅವತ್ತೆಲ್ಲ ಅವರು ಆ್ಯಪ್ ಬಗ್ಗೆ ಬೇರೇನೂ ಮಾತನಾಡಲೇ ಇಲ್ಲ.

ಮಾರನೆಯ ದಿನವೇ ನಾನು ಬೇರೆ ಮುಖ ಹಾಕಿದೆ. ನನ್ನ ಹೆಂಡತಿ ಸುನಂದಳ ಮುಖ.

ಸುನಂದ ವಕ್ಕಲೇರಿಯ ಹುಡುಗಿ. ಕೋಲಾರಕ್ಕೆ ಬಂದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ನಾನು ಕಚೇರಿಗೆ ಹೊರಡುವ ಆತುರದಲ್ಲಿ, “ಇಲ್ಲಿ ನೋಡೇ” ಎಂದು ಬಾಗಿಲಿನಿಂದಲೇ ಕರೆದೆ. ಅವಳು ಮೆಷಿನ್ನಿನಿಂದ ತಲೆ ಎತ್ತಿ, “ರೀ, ತಡೀರಿ, ಟೇಪು ಕುತ್ತಿಗೇಲೇ ಐತೆ” ಎನ್ನುವಷ್ಟರಲ್ಲಿ ನಾನು ಫೋಟೋ ತೆಗೆದಾಗಿತ್ತು. ಅವಳಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಆ ಒಂದು ಫೋಟೋದಲ್ಲಿ ಮಾತ್ರ ನಗು, ಕೋಪ ಎರಡೂ ಒಟ್ಟಿಗೆ ಬಂದಿವೆ. ಕುತ್ತಿಗೆಯಲ್ಲಿ ಹಳದಿ ಅಳತೆ ಟೇಪು. ಆಸ್ಪತ್ರೆಯವರ ಕೆಲಸಕ್ಕೂ ಅದೇ ಕಾರ್ಡ್ ಹಾಕಿ ತೋರಿಸಿದಾಗ, ಅಲ್ಲಿನ ದೊಡ್ಡ ಡಾಕ್ಟರು ಟೇಪನ್ನು ಸ್ಟೆತಾಸ್ಕೋಪ್ ಎಂದುಕೊಂಡು, “ಇವರು ಯಾವ ವಿಭಾಗದಲ್ಲಿದ್ದಾರೆ?” ಎಂದು ಕೇಳಿದರು. ನಾನು ಮನೆಗೆ ಬಂದು ಹೇಳಿದೆ. ಅವತ್ತಿನಿಂದ ಅವಳು ಗಿರಾಕಿಗಳ ತೋಳಿನ ಅಳತೆ ತೆಗೆಯುವಾಗ, “ಉಸಿರು ಬಿಗಿ ಹಿಡೀರಮ್ಮಾ, ಡಾಕ್ಟ್ರು ನೋಡ್ತಾವ್ರೆ” ಎಂದು ಶುರು ಮಾಡಿದಳು.

ಆಮೇಲೆ ನಡೆದದ್ದು ನಮ್ಮಂಥವರ ಕಚೇರಿಯಲ್ಲಿ ಮಾತ್ರ ನಡೆಯುವ ಎಡವಟ್ಟು. ಫೋಟೋ ಕೊಡದ ಸದಸ್ಯರ ಜಾಗ ಖಾಲಿ ಬಿಡಬೇಕಿತ್ತು. ನಾವು ಮಾದರಿಯ ಚಿತ್ರವನ್ನು ತೆಗೆಯದೆ ಕಳಿಸಿದೆವು, ಆ್ಯಪ್ ಕಟ್ಟಿದವರು ಇದ್ದದ್ದನ್ನು ಇದ್ದ ಹಾಗೆ ಕಟ್ಟಿಬಿಟ್ಟರು. ಆ್ಯಪ್ ಶುರುವಾದ ಬೆಳಗ್ಗೆಯೇ ಡೈರಿಯ ಕಾರ್ಯದರ್ಶಿ ಮುನಿರಾಮಪ್ಪನವರ ಫೋನು. “ಸಾ, ಏನ್ ಸಾ ಇದು? ನಮ್ ಡೈರೀಲಿ ಗಂಡಸ್ರೇ ಇಲ್ದಂಗಾಗೈತೆ. ಸುಬ್ಬರಾಯಪ್ಪನ್ಗೆ ಮೀಸೆ ಹೋಗಿ ಕುಂಕುಮ ಬಂದೈತೆ. ಆವಯ್ಯ ಕೋಪ ಮಾಡ್ಕೊಂಡು ಹಾಲ್ ಕ್ಯಾನ್ ವಾಪಸ್ ಹೊತ್ಕೊಂಡು ಹೋಗ್ತಾವ್ನೆ, ಬೇಗ ಏನಾದ್ರೂ ಮಾಡಿ ಸಾ!”

ಫೋಟೋ ಕೊಡದಿದ್ದವರೆಲ್ಲರಿಗೂ ನನ್ನ ಹೆಂಡತಿಯ ಮುಖ. ಊರಿನ ಅರ್ಧ ಡೈರಿಗೆ ಒಂದೇ ಮುಖ, ಒಂದೇ ಟೇಪು. ನಾನು ಬೆವರಿ ನೀರಾಗಿದ್ದೆ. ಸಂಜೆಯೊಳಗೆ ಸರಿ ಮಾಡಿಸಿದೆವು. ಮನೆಗೆ ಹೋಗಿ ಸುನಂದಳಿಗೆ ಹೇಗೆ ಹೇಳುವುದು ಎಂದು ಗೇಟಿನ ಹತ್ತಿರವೇ ಸ್ವಲ್ಪ ಹೊತ್ತು ನಿಂತಿದ್ದೆ. ಹೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಂದ್ರೆ ಅಷ್ಟೂ ಹಸು ನಂದೇ ಅಂತಾಯ್ತು. ಇಷ್ಟ್ ಆಸ್ತಿ ಇಟ್ಕೊಂಡು ನಾನ್ಯಾಕ್ರೀ ಬ್ಲೌಸ್ ಹೊಲೀಬೇಕು?” ಎಂದಳು. ಆ ರಾತ್ರಿ ಊಟಕ್ಕೆ ಮೊಸರು ಬಡಿಸುವಾಗಲೂ, “ನಮ್ಮದೇ ಹಾಲು, ಧಾರಾಳವಾಗಿ ಹಾಕ್ಕೊಳ್ಳಿ” ಎಂದಳು. ಆ ನಗು ನನಗೆ ಬಹಳ ಇಷ್ಟವಾಗಿತ್ತು. ಈಗಲೂ ಇಷ್ಟ.

ನಮಗೆ ಮಕ್ಕಳಿಲ್ಲ. ಇದ್ದದ್ದು ನಾವಿಬ್ಬರೇ. ಎರಡು ವರ್ಷದ ಹಿಂದೆ, ಆಷಾಢದಲ್ಲಿ, ಜ್ವರ ಎಂದು ಆಸ್ಪತ್ರೆಗೆ ಸೇರಿಸಿದೆ. ಸುನಂದ ಮನೆಗೆ ಬರಲಿಲ್ಲ.

ಹದಿಮೂರನೆಯ ದಿನ ಕಳೆದು ಕಚೇರಿಗೆ ಬಂದೆ. ಕಂಪ್ಯೂಟರ್ ತೆರೆದೆ. ರೇಷ್ಮೆಗೂಡಿನವರ ಆ್ಯಪ್‌ನ ಮಾದರಿ ಅರ್ಧಕ್ಕೆ ನಿಂತಿತ್ತು, ಅದರಲ್ಲಿ ಸುನಂದ ಇದ್ದಳು. ಹೆಸರು ಬೇರೆ, ಊರು ಬೇರೆ. ಶ್ರೀನಿವಾಸಪುರದವಳಂತೆ, ಗೂಡು ಮಾರಲು ಬಂದಿದ್ದಾಳಂತೆ. ಇನ್ನೊಂದು ಪುಟದಲ್ಲಿ ಬಸ್ಸಿನ ಟಿಕೆಟ್ ತೆಗೆದುಕೊಳ್ಳುತ್ತಿದ್ದಳು, ಮತ್ತೊಂದರಲ್ಲಿ ಕರುವಿಗೆ ಲಸಿಕೆ ಹಾಕಿಸುತ್ತಿದ್ದಳು. ಸಭಿಕರೇ, ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಗೆ ಹೇಳಲಿ? ಮನೆಯಲ್ಲಿ ಅವಳಿಲ್ಲ. ಇಲ್ಲಿ ಅವಳಿಗೆ ಕೈತುಂಬ ಕೆಲಸ. ಬೆಳಗ್ಗೆ ಬಂದು ಕೂತರೆ ಸಂಜೆಯವರೆಗೆ ಎಲ್ಲೋ ಒಂದು ಕಡೆ ಸಿಗುತ್ತಿದ್ದಳು.

ಸ್ವಲ್ಪ ದಿನಕ್ಕೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕಚೇರಿಯವರು ನನಗೆ ತೋರಿಸುತ್ತಿದ್ದ ಪುಟಗಳಲ್ಲಿ ಫೋಟೋದ ಜಾಗದಲ್ಲಿ ಬೂದು ಬಣ್ಣ ಬಳಿದಿರುತ್ತಿತ್ತು. ಒಬ್ಬರದಲ್ಲ, ಎಲ್ಲರದರಲ್ಲೂ. ಬಣ್ಣ ಬಳಿಯಬೇಕಾದರೆ ಕಾರ್ಡನ್ನು ಕಿಟ್‌ನಿಂದ ಬೇರ್ಪಡಿಸಬೇಕು. ಬೇರ್ಪಡಿಸಿದ ಕಾರ್ಡಿಗೆ ಮುಂದೆ ಯಾವ ತಿದ್ದುಪಡಿಯೂ ತಲುಪುವುದಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ನನಗೆ ಸಿಟ್ಟು ಬಂತು. ಮೃದುಲಾಳನ್ನು ಕರೆದು, “ಯಾಕಮ್ಮಾ ಎಲ್ಲರೂ ಕಾರ್ಡ್ ಕಿತ್ತು ಹಾಕಿದ್ದೀರಾ? ಹೇಳೋರು ಕೇಳೋರು ಇಲ್ವಾ?” ಎಂದು ಕೂಗಾಡಿದೆ. ವಾದದಲ್ಲಿ ಸೋಲದ ಹುಡುಗಿ ತಲೆ ತಗ್ಗಿಸಿ ನಿಂತಳು. ಆಮೇಲೆ ಮೆಲ್ಲಗೆ, “ನೀವು ನೋಡಿದ್ರೆ ನಿಮಗೆ ಸಂಕಟ ಆಗುತ್ತೆ ಅಂತ ಸಾರ್. ನಮ್ಮ ಫೈಲಲ್ಲಿ ಅಕ್ಕನ್ನ ಹಾಗೇ ಇಟ್ಕೊಂಡಿರ್ತೀವಿ. ನಿಮಗೆ ತೋರಿಸೋ ಮೊದಲು ಮುಚ್ತೀವಿ” ಎಂದಳು.

ನೋಡಿ, ಇಡೀ ಕಚೇರಿ ನನಗೆ ಗೊತ್ತಾಗದ ಹಾಗೆ ನನ್ನನ್ನು ಕಾಪಾಡುತ್ತಿತ್ತು. ಕೆಲಸ ಕೆಡಿಸಿಕೊಂಡು ಕಾಪಾಡುತ್ತಿತ್ತು. ಇಂಥವರನ್ನು ಬೈಯುವುದು ಹೇಗೆ? ನನಗೆ ಸಂಕಟ ಇಲ್ಲಮ್ಮಾ, ಮುಚ್ಚಬೇಡಿ ಎಂದೆ. ಅವರು ಮುಚ್ಚುವುದನ್ನು ಬಿಟ್ಟರು. ಹಿಂದಿನ ಸಾಲಿನವರೇ, ಅವತ್ತು ನಿಮಗೆ ಸರಿಯಾಗಿ ಒಂದು ಮಾತು ಹೇಳಲಿಲ್ಲ. ಇವತ್ತು ಮೈಕಿನಲ್ಲಿ ಹೇಳುತ್ತೇನೆ. ನಿಮ್ಮ ಋಣ ದೊಡ್ಡದು.

ಕಳೆದ ವರ್ಷ ಹೊಸ ನಿಯಮ ಬಂತು. ಕೆಲಸ ಕೊಡುವವರೆಲ್ಲ ಒಂದೇ ಮಾತು ಹೇಳಿದರು. ಮಾದರಿಗಳಲ್ಲಿ ನಿಜವಾದ ಮನುಷ್ಯರ ಚಿತ್ರ ಇರಕೂಡದು. ನ್ಯಾಯವಾದ ಮಾತು, ಸುಬ್ಬರಾಯಪ್ಪನವರಾದರೂ ಒಪ್ಪಿಯಾರು. ಕಿಟ್‌ನಲ್ಲಿ ಉಳಿದದ್ದೆಲ್ಲ ಸಿದ್ಧವಾಯಿತು, ಅದೊಂದು ಕಾರ್ಡ್ ಬಿಟ್ಟು. ಚಂದ್ರಮೋಹನ್ ಅವರು ಪ್ರತಿ ಸೋಮವಾರ ನನ್ನ ಮೇಜಿನ ಹತ್ತಿರ ಬರುವರು, “ಶ್ರೀಧರ್, ಆ ಒಂದು ಸಣ್ಣ ಕೆಲಸ...” ಎನ್ನುವರು, ಆಮೇಲೆ ಮಳೆ ಬರುತ್ತದಾ, ಟೊಮೇಟೊ ರೇಟು ಏನಾಯಿತು ಎಂದು ಬೇರೆ ಮಾತು ತೆಗೆದು ಹೋಗುವರು. ಯಜಮಾನರಾಗಿ ಆಜ್ಞೆ ಮಾಡಬಹುದಿತ್ತು. ಮಾಡಲಿಲ್ಲ. ದೊಡ್ಡ ಬಟನ್‌ಗಳು, ಕಾಲು ಚಾಚಿದ ಒತ್ತಕ್ಷರಗಳು ಎಲ್ಲವೂ ನನ್ನ ಕಂಪ್ಯೂಟರಿನಲ್ಲಿ ಕಾಯುತ್ತ ಕೂತವು. ಒಂದು ಬಟನ್ ಒತ್ತಿದರೆ ಎಲ್ಲರ ಎಲ್ಲ ಪುಟಗಳಿಂದಲೂ ಸುನಂದ ಒಟ್ಟಿಗೇ ಹೋಗಿಬಿಡುತ್ತಾಳೆ. ಗೊತ್ತಿದ್ದೂ ಆ ಬಟನ್ನಿನ ಮೇಲೆ ಕೈ ಹೇಗೆ ಹೋದೀತು? ನೀವೇ ಹೇಳಿ.

ಈ ಆಷಾಢದಲ್ಲಿ ತಿಥಿಗೆ ವಕ್ಕಲೇರಿಯಿಂದ ನನ್ನ ಅತ್ತೆ, ಸುನಂದಳ ತಾಯಿ ಮುನಿಯಲ್ಲಮ್ಮನವರು ಬಂದಿದ್ದರು. ಇವತ್ತೂ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತಿದ್ದಾರೆ. ತಿಥಿಯ ಕೆಲಸ ಮುಗಿದು ಎಲ್ಲರ ಊಟವಾದ ಮೇಲೆ ಅವರು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿ, “ಮಗಳದೊಂದು ಫೋಟೋ ಹಾಕಿಲ್ವಲ್ಲಪ್ಪಾ ಮನೇಲಿ?” ಎಂದರು. ಗೋಡೆಗೆ ಫೋಟೋ ಹಾಕಿದರೆ ಹಾರ ಹಾಕಬೇಕು, ಮುಂದೆ ದೀಪ ಇಡಬೇಕು. ಕಚೇರಿಯಲ್ಲಿ ಅವಳಿಗೆ ಹಾರ ಇರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳಲಿ? “ದಿನಾ ಆಫೀಸಲ್ಲಿ ನೋಡ್ತೀನಲ್ಲ ಅತ್ತೆ, ಅಲ್ಲೇ ಇದ್ದಾಳೆ” ಎಂದೆ.

ಅವರು ಕೋಪವಿಲ್ಲದೆ ಹೇಳಿದರು. “ನೀವು ಆಪೀಸಲ್ಲಿ ನೋಡ್ತೀರ ನಾಯ್ನಾ. ನಾನೆಲ್ಲಿ ನೋಡ್ಲಿ?”

ಅವರ ಹತ್ತಿರ ಇರುವುದು ಮದುವೆಯ ಫೋಟೋ ಒಂದೇ. ಅದರಲ್ಲಿ ಸುನಂದ ತಲೆ ತಗ್ಗಿಸಿ ಕೂತಿದ್ದಾಳೆ, ಮುಖಕ್ಕಿಂತ ಬಾಸಿಂಗವೇ ದೊಡ್ಡದಾಗಿ ಕಾಣುತ್ತದೆ. ಅವರ ಫೋನು ಗುಂಡಿ ಒತ್ತುವ ಹಳೆಯ ಫೋನು. ಆ ತಾಯಿಗೆ ಮಗಳ ಮುಖ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕಿತ್ತು? ನಮ್ಮ ಕಚೇರಿಗೆ ಬಂದು ಯಾವುದೋ ಡೈರಿಯ ಪುಟದಲ್ಲಿ ಹುಡುಕಬೇಕಿತ್ತೇ? ಎರಡು ವರ್ಷದಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಾರ್ಡಿನಲ್ಲಿದ್ದ ಆ ಟೇಪಿನ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಲು ಕೊಟ್ಟಿದ್ದೇನೆ. ವಕ್ಕಲೇರಿಗೊಂದು, ನಮ್ಮ ಮನೆಗೊಂದು. ಹಾರ ಹಾಕಬೇಕಾಗುತ್ತದೆ. ಹಾಕುತ್ತೇನೆ. ಹೊಸ ಕಾರ್ಡನ್ನೂ ಮಾಡಿ ಮುಗಿಸಿದ್ದೇನೆ. ಅದರಲ್ಲಿ ಬರೀ ಒಂದು ಖಾಲಿ ವೃತ್ತ, ಕೆಳಗೆ ‘ಚಿತ್ರ ಬರಬೇಕಿದೆ’ ಎಂಬ ಎರಡು ಮಾತು. ಆ ಜಾಗ ಇರಬೇಕಾದದ್ದು ಮುಂದೆ ಬರುವವರಿಗೆ.

ಆದರೆ ಕಟ್ಟು ಬರಲು ಇನ್ನೂ ನಾಲ್ಕು ದಿನವಂತೆ. ಬಿಡುಗಡೆ ಇವತ್ತೇ. ಆದ್ದರಿಂದ ಮೃದುಲಾ, ಆ ಹಳೆಯ ಕಾರ್ಡನ್ನು ಒಮ್ಮೆ ಈ ಪರದೆಯ ಮೇಲೆ ತರಮ್ಮಾ. ಹೆಸರು ಬೇಡ, ಹಸುಗಳು ಬೇಡ. ಮುಖ ಮಾತ್ರ. ದೊಡ್ಡದು ಮಾಡು. ಇನ್ನೂ ದೊಡ್ಡದು. ಪರದೆ ತುಂಬಲಿ.

ಹಾಂ, ಸಾಕು.

ಅತ್ತೆ, ನೋಡಿ.

ಸಭಿಕರೇ, ಒಂದು ನಿಮಿಷ ತಡೆದುಕೊಳ್ಳಿ. ಇವಳನ್ನು ಇಷ್ಟು ದೊಡ್ಡದಾಗಿ ನಾನೂ ಇವತ್ತೇ ನೋಡುತ್ತಿರುವುದು. ಕಾರ್ಡಿನಲ್ಲಿ ಅವಳ ಮುಖ ಐದು ರೂಪಾಯಿಯ ನಾಣ್ಯದಷ್ಟಿತ್ತು. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ, ಕಾಣುತ್ತಿದೆಯೇ? ಅದು ನನಗೆ ಮರೆತೇ ಹೋಗಿತ್ತು. ದಿನಾ ನೋಡುತ್ತಿದ್ದೆ ಎಂದುಕೊಂಡಿದ್ದೆ, ಆದರೂ ಮರೆತೇ ಹೋಗಿತ್ತು.

ಆದಿಲಕ್ಷ್ಮಿಯವರೇ, ಅಷ್ಟು ದೂರದಿಂದ ತಮ್ಮನ್ನು ಒಂದು ಬಟನ್ ಒತ್ತಲು ಕರೆಸಿ, ಈಗ ಒತ್ತಬೇಡಿ ಎನ್ನುತ್ತಿದ್ದೇನೆ. ಮನ್ನಿಸಬೇಕು. ಮುನಿಯಲ್ಲಮ್ಮನವರು ಸಾಕು ಎನ್ನುವವರೆಗೆ ತಡೆಯೋಣ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದಾರೆ. ಅಂದರೆ ಈಗಷ್ಟೇ ಶುರು ಮಾಡಿದ್ದಾರೆ.

ಹೊರಗೆ ಅವರೆಕಾಳು ಉಪ್ಪಿಟ್ಟು, ಕಾಫಿ ಸಿದ್ಧವಾಗಿದೆ ಎಂದು ಅಡುಗೆಯವರು ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದಾರೆ. ತಾವೆಲ್ಲರೂ ದಯವಿಟ್ಟು ಎದ್ದು ಹೋಗಿ ನಿಧಾನವಾಗಿ ತಿಂದು ಬನ್ನಿ, ಬಿಡುಗಡೆ ಆಮೇಲೆ. ಹೋಗುವಾಗ ಯಾರೂ ದೀಪ ಹಾಕಬೇಡಿ, ಪರದೆ ಸರಿಯಾಗಿ ಕಾಣುವುದಿಲ್ಲ. ನಾನು ಕೆಳಗಿಳಿದು ನಮ್ಮ ಅತ್ತೆಯ ಪಕ್ಕದಲ್ಲಿ ಕೂರುತ್ತೇನೆ. ಕಿಟ್ ಬಗ್ಗೆ ಮಾತನಾಡು ಎಂದು ನಿಲ್ಲಿಸಿದರೆ ಮನೆಯ ಮಾತನ್ನೆಲ್ಲ ಆಡಿದವನನ್ನು ನಡುವೆ ತಡೆಯದೆ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಇಲ್ಲಿರುವ ನಿಮ್ಮೆಲ್ಲರಿಗೆ ನನ್ನ ಮನಸಾರೆ ವಂದನೆ. ನಮಸ್ಕಾರ.